ಮೇಡಂನ ಪುಸ್ತಕದ ಅಂಚು ಕತ್ತರಿಸಿದ್ದು

ಅಲ್ಲ ಅಲ್ಲ, ಮೊದಲು ಆ ಕತ್ತರಿ ಕೆಳಗಿಡು ದಿಶಾ, ಮತ್ತೆ ಮಾತು. ಚಾರ್ಟಿಗೆ ಅಜ್ಜನ ಮುಖ ಮಾತ್ರ ಸಾಕು ಅಂತ ನೀನು ಹೇಳಿದ್ದು ಸರಿ, ಫ್ಯಾಮಿಲಿ ಟ್ರೀ ಅಂದ್ರೆ ಅದರಲ್ಲಿ ನಮ್ಮವರೇ ಇರ್ಬೇಕು, ಅದೂ ಸರಿ. ಆದ್ರೆ ಬದಿಯಲ್ಲಿ ನಿಂತವರು ಯಾರು ಅಂತ ನಿನ್ನ ತಮ್ಮ ಕೇಳಿದ್ದಕ್ಕೆ "ಸಮ್ ರ್‍ಯಾಂಡಮ್ ಆಂಟಿ" ಅಂತ ಹೇಳಿ ಕತ್ತರಿ ಹಾಕ್ಲಿಕ್ಕೆ ಹೊರಟಿಯಲ್ಲ, ಅದು ನನಗೆ ಸ್ವಲ್ಪ ಮನಸ್ಸಿಗೆ ತಾಗಿತು. ಇಲ್ಲಿ ಬಾ, ಬಾಲ್ಕನಿಗೆ ಬಾ, ಗಾಳಿ ಉಂಟು. ತಮ್ಮನನ್ನೂ ಕರಿ. ಚಾರ್ಟು ಕೊಡುದು ನಾಡಿದ್ದಲ್ವಾ, ಈಗ ಅವಸರ ಎಂತದ್ದು. ನೋಡು, ಈ ಫೋಟೋದಲ್ಲಿ ಮೂರು ಜನ. ನಡುವೆ ಹಲ್ಲು ಬಿಟ್ಟು ನಿಂತದ್ದು ನಾನು, ತಲೆಯಲ್ಲಿ ಕೂದಲು ಇದ್ದ ಕಾಲ. ಎಡಗಡೆ ಈ ದಪ್ಪ ಮೀಸೆಯವ ಸಮೀರ್, ಈಜಿಪ್ಟಿನವ, ಬಂದ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಅವನದ್ದು. ಬಲಗಡೆ ತುದಿಯಲ್ಲಿ, ಅರ್ಧ ಭುಜ ಫೋಟೋದಿಂದ ಹೊರಗೆ ಹೋಗಿದೆಯಲ್ಲ, ಎತ್ತರದ ಹೆಂಗಸು, ತಲೆಗೆ ಬಣ್ಣದ ಬಟ್ಟೆ ಸುತ್ತಿದವರು, ಅವರು ನಮ್ಮ ಲೈಬ್ರರಿಯ ಡೈರೆಕ್ಟರ್. ಡೈರೆಕ್ಟರ್ ಆದವರು ನಡುವೆ ನಿಲ್ಬೇಕಲ್ವಾ? ಈ ಹೆಂಗಸು ಯಾವ ಫೋಟೋದಲ್ಲಿಯೂ ನಡುವೆ ನಿಂತವರೇ ಅಲ್ಲ. ಅವರು ಇಲ್ಲದಿದ್ರೆ ನಿನ್ನ ಅಮ್ಮ ಈ ಗಲ್ಫಿಗೆ ಬರ್ತಿರ್ಲಿಲ್ಲ, ನೀನು ಈ ಡಿಸ್ಕವರಿ ಗಾರ್ಡನ್ಸಿನ ಫ್ಲ್ಯಾಟಿನಲ್ಲಿ ಕೂತು ಚಾರ್ಟು ಮಾಡ್ತಿರ್ಲಿಲ್ಲ. ಮರ ಅಂತ ಬರೆಯುದಾದ್ರೆ ಅವರದ್ದೂ ಒಂದು ಗೆಲ್ಲು, ಒಂದು ಕೊಂಬೆ ಉಂಟು.

ಇದು ತೊಂಬತ್ತರ ದಶಕದ ಮಾತು. ಪುತ್ತೂರಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಪ್ಪನದ್ದು ಬೈಂಡಿಂಗ್ ಅಂಗಡಿ, ಶಾಲೆ ಲೈಬ್ರರಿಯ ಹರಿದ ಪುಸ್ತಕ ಎಲ್ಲ ನಮ್ಮಲ್ಲಿಗೇ ಬರುದು. ನಾನು ಹತ್ತು ವರ್ಷಕ್ಕೆ ಸೂಜಿ ಹಿಡಿದವ. ಬಿಚ್ಚಿ, ಹೊಲಿದು, ರಟ್ಟು ಹಾಕಿ, ಕಟಿಂಗ್ ಮೆಷಿನ್ನಿನಲ್ಲಿ ಮೂರು ಬದಿ ಅಂಚು ಕತ್ತರಿಸಿ ಕೊಟ್ರೆ, ಗೊತ್ತುಂಟಾ, ಅಂಚಿನ ಮೇಲೆ ಬೆರಳು ಓಡಿಸಿದ್ರೆ ಗಾಜಿನ ಮೇಲೆ ಓಡಿಸಿದ ಹಾಗೆ ಆಗ್ಬೇಕು. ಮಕ್ಕಳು ಅಂಚಿನಲ್ಲಿ ಗೀಚಿದ್ದು, ಎಣ್ಣೆ ಕೈ ತಾಗಿದ್ದು, ಎಲ್ಲ ಒಂದೇ ಏಟಿಗೆ ಹೋಗ್ಬೇಕು. ಅಂಚು ಕತ್ತರಿಸುದರಲ್ಲಿ ನನ್ನನ್ನು ಮೀರಿಸುವವ ಪುತ್ತೂರು ತಾಲೂಕಿನಲ್ಲಿಯೇ ಇರ್ಲಿಲ್ಲ, ಇದು ಜಂಬ ಅಲ್ಲ, ಇದ್ದದ್ದು ಹೇಳುದು. ಮತ್ತೆ ಗಲ್ಫಿಗೆ ಬಂದೆ, ಎಲ್ಲರೂ ಬಂದ ಹಾಗೆ. ಏಜೆಂಟನಿಗೆ ನಾನು ಬೈಂಡರ್ ಅಂತ ಹೇಳಿದ್ದು, ಅವ ವೀಸಾದಲ್ಲಿ ಬರೆಸಿದ್ದು ಲೇಬರ್ ಅಂತ. ಮೊದಲ ವರ್ಷ ಕರಾಮದ ಒಂದು ಸ್ಟೇಶನರಿ ಅಂಗಡಿಯಲ್ಲಿ... ಅಲ್ಲ, ಅಂಗಡಿ ದೇರಾದಲ್ಲಿ, ರೂಮು ಕರಾಮದಲ್ಲಿ. ಒಂದು ರೂಮಿನಲ್ಲಿ ಏಳು ಜನ, ಮೇಲೊಬ್ಬ ಕೆಳಗೊಬ್ಬ ಮಲಗುವ ಮೂರು ಡಬಲ್ ಮಂಚ, ಏಳನೆಯವ ಎಲ್ಲಿ ಮಲಗುದು ಅಂತ ಕೇಳ್ಬೇಡ, ಆ ಏಳನೆಯವ ನಾನು. ಬೆಳಿಗ್ಗಿಂದ ಸಂಜೆವರೆಗೆ ರಟ್ಟಿನ ಪೆಟ್ಟಿಗೆ ಎತ್ತುದು, ಇಳಿಸುದು. ಸೂಜಿ ಹಿಡಿದ ಕೈ ಮಾರಾಯ್ತಿ, ಪೆಟ್ಟಿಗೆ ಎತ್ತಿ ಎತ್ತಿ ಬೆರಳಿನಲ್ಲಿ ಹದವೇ ಹೋಗಿತ್ತು.

ಆಗ ಒಬ್ಬ ಹೇಳಿದ, ಅಬುಧಾಬಿಯಲ್ಲಿ ಒಂದು ದೊಡ್ಡ ಮನೆತನದವರು ಹೊಸ ಲೈಬ್ರರಿ ಮಾಡ್ತಾ ಇದ್ದಾರೆ, ಬೈಂಡರ್ ಬೇಕಂತೆ, ಡೈರೆಕ್ಟರ್ ಒಬ್ಬರು ಆಫ್ರಿಕಾದ ಹೆಂಗಸಂತೆ, ಮೂರು ಜನರನ್ನು ಈಗಾಗ್ಲೇ ವಾಪಸ್ಸು ಕಳ್ಸಿದ್ದಾರಂತೆ. ನಾನು ಹೋದೆ. ಮೇಜಿನ ಆಚೆ ಮೇಡಂ, ಕನ್ನಡಕದ ಮೇಲಿಂದ ನೋಡುವವರು. ಸರ್ಟಿಫಿಕೇಟ್ ಕೇಳ್ಲಿಲ್ಲ. ಒಂದು ಹರಿದ ಪುಸ್ತಕ ನನ್ನ ಮುಂದೆ ದೂಡಿದ್ರು, "ಮಾಡಿ" ಅಂದ್ರು. ನಾನು ಡಬ್ಬದಲ್ಲಿ ನನ್ನದೇ ಮೈದಾ ಅಂಟು ಕಾಯಿಸಿ ತಗೊಂಡು ಹೋಗಿದ್ದೆ. ಅವರು ಡಬ್ಬ ಎತ್ತಿ ಮೂಸಿ ನೋಡಿದ್ರು. "ಇದರಲ್ಲಿ ಎಂತ ಹಾಕಿದ್ದೀರಿ?" ಅಂತ. ನಾನು ಹೇಳಿದೆ, ಮೈಲುತುತ್ತು ಮೇಡಂ, ಹುಳ ಬರುದಿಲ್ಲ, ನಮ್ಮ ಅಪ್ಪನ ಕಾಲದಿಂದ ಹಾಕುದು. "ಹುಳ ಬರುದಿಲ್ಲ ಸರಿ, ಐವತ್ತು ವರ್ಷ ಕಳೆದ್ರೆ ಕಾಗದವೂ ಇರುದಿಲ್ಲ. ನನ್ನ ಪುಸ್ತಕಕ್ಕೆ ವಿಷ ಬೇಡ." ಅಷ್ಟೇ. ನನಗೆ ಸಿಟ್ಟು ಬಂತು, ಯಾಕೆ ಸುಳ್ಳು ಹೇಳುದು. ಆದ್ರೂ ಹೊಸ ಅಂಟು ಮಾಡಿ, ಅವರ ಎದುರೇ ಕೂತು ಹೊಲಿದು ಕೊಟ್ಟೆ. ಅವರು ಬೆನ್ನು ನೋಡಿದ್ರು, ಒಳಗೆ ನೋಡಿದ್ರು, "ಶನಿವಾರ ಬನ್ನಿ ಮಿಸ್ಟರ್ ವಾಸು" ಅಂದ್ರು. ನನ್ನನ್ನು ಮಿಸ್ಟರ್ ಅಂತ ಕರೆದ ಮೊದಲನೇ ಮನುಷ್ಯರು ಅವರು. ಪುತ್ತೂರಲ್ಲಿ ನಾನು ಬೈಂಡಿಂಗಿನ ವಾಸು, ಕರಾಮದಲ್ಲಿ ಏ ಭಾಯ್.

ಮಧ್ಯಾಹ್ನ ಊಟ ಆದ ಮೇಲೆ ಅವರು ನನ್ನ ಬೈಂಡಿಂಗ್ ರೂಮಿಗೆ ಬರುದು. ಒಂದು ಫ್ಲಾಸ್ಕಿನಲ್ಲಿ ಕಪ್ಪು ಚಹಾ, ನನಗೂ ಒಂದು ಲೋಟ. ನಾನು ಹೊಲಿಯುದು, ಅವರು ಮಾತಾಡುದು. ಅವರ ಕಥೆ ಎಲ್ಲ ನನಗೆ ಹಾಗೆ ತುಂಡು ತುಂಡಾಗಿ ಗೊತ್ತಾದ್ದು. ಅವರದ್ದು ಸಮುದ್ರ ಇಲ್ಲದ ಒಂದು ಸಣ್ಣ ದೇಶ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಆಫೀಸರುಗಳಿಗೆ ಒಂದು ಕ್ಲಬ್ಬು, ಕ್ಲಬ್ಬಿನೊಳಗೆ ಓದುವ ಕೋಣೆ. ಇವರ ಅಮ್ಮ ಅಲ್ಲಿ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸದವರು. ಮಗಳು ಹೊರಗೆ ಕಿಟಕಿ ಹತ್ತಿರ ನಿಂತು ಪುಸ್ತಕದ ಬೆನ್ನಿನ ಹೆಸರು ಓದಿ ಓದಿ ಇಂಗ್ಲಿಷ್ ಕಲಿತದ್ದು. ಒಳಗೆ ಹೋಗ್ಲಿಕ್ಕಿಲ್ಲ, ಕರಿಯರಿಗೆ ಇಲ್ಲ ಅಂತ ಬೋರ್ಡೇ ಇತ್ತಂತೆ. ಮತ್ತೆ ಮಿಶನ್ ಶಾಲೆಯಲ್ಲಿ ಓದಿ, ಅದೇ ಊರಿನ ಸರಕಾರಿ ಲೈಬ್ರರಿಯ ಕೌಂಟರಿನಲ್ಲಿ ಕೂತ ಮೊದಲನೇ ಆಫ್ರಿಕನ್ ಅವರು. ಒಬ್ಬ ಬಿಳಿಯ ಆಫೀಸರ್ ಇವರ ಕೈಯಿಂದ ಪುಸ್ತಕ ತಗೊಳ್ಳುದಿಲ್ಲ ಅಂತ, ರಜೆಗೆ ಹೋದ ಬಿಳಿ ಹೆಂಗಸು ಬರುವವರೆಗೆ ಮೂರು ದಿನ ಬಂದು ಬಂದು ಕಾದು ಹೋದನಂತೆ. ನಾನು ಕೇಳಿದೆ, ನಿಮಗೆ ಬೇಜಾರು ಆಗ್ಲಿಲ್ವಾ ಮೇಡಂ? "ಬೇಜಾರು ಎಂತದ್ದು? ಮೂರು ದಿನ ಆ ಪುಸ್ತಕ ನಾನೇ ಓದಿದೆ. ಮುಗಿಯಿತು. ಅಷ್ಟು ಒಳ್ಳೆದಿರ್ಲಿಲ್ಲ." ಹಾಗೆ ಹೇಳುವವರು.

ಸ್ವಾತಂತ್ರ್ಯ ಬಂದ ಮೇಲೆ, ಇಂಗ್ಲೆಂಡಿನಲ್ಲಿ ಕಲಿತು ಬಂದ ಇವರನ್ನೇ ಸರಕಾರದವರು ಕರೆದು, ದೇಶಕ್ಕೊಂದು ಲೈಬ್ರರಿ ಮಾಡಿ, ನೀವೇ ಡೈರೆಕ್ಟರ್ ಅಂದ್ರಂತೆ. ದೇಶದ ಲೈಬ್ರರಿಗೆ ಮೊದಲನೇ ಡೈರೆಕ್ಟರ್, ಅದೂ ಹೆಂಗಸು. ಕಟ್ಟಡ ಎಲ್ಲಿ ಅಂತ ಕೇಳಿದ್ರೆ, ಪೊಲೀಸರ ಕುದುರೆ ಲಾಯ. ಮಳೆ ಬಂದ್ರೆ ಎರಡು ವರ್ಷದವರೆಗೆ ಕುದುರೆ ವಾಸನೆ ಬರ್ತಿತ್ತಂತೆ, ಓದುವವರು ಮೂಗು ಮುಚ್ಚಿ ಓದುದು. ಪುಸ್ತಕ ಇಲ್ಲ. ಇವರು ಎಂತ ಮಾಡಿದ್ರು ಗೊತ್ತುಂಟಾ? ಒಂದು ಫೈಲು ಕಂಕುಳಲ್ಲಿ ಹಿಡ್ಕೊಂಡು ಬಸ್ಸಿನಲ್ಲಿ ಊರೂರಿಗೆ ಹೋಗಿ, ಯಾವ ಪ್ರೆಸ್ಸು ಕಂಡ್ರೂ ಒಳಗೆ ಹೋಗಿ, "ನೀವು ಅಚ್ಚು ಹಾಕಿದ ಎಲ್ಲದರದ್ದೂ ಎರಡು ಪ್ರತಿ ಕೊಡ್ಬೇಕು, ಕಾನೂನು ಉಂಟು" ಅಂತ ಹೇಳುದು. ಮದುವೆ ಕಾಗದ ಸಮೇತ ಬಿಡ್ಲಿಲ್ಲ. ಕಾನೂನು ಬಂದದ್ದು ನಾಲ್ಕು ವರ್ಷ ಕಳೆದು. ಫೈಲಿನಲ್ಲಿ ಇದ್ದದ್ದು ಬಿಳಿ ಹಾಳೆ. ಅದನ್ನು ಹೇಳಿ ಮೇಡಂ ನಗುದು ನೋಡ್ಬೇಕಿತ್ತು, ಫ್ಲಾಸ್ಕು ಅಲುಗ್ತಿತ್ತು. ಕೊನೆಗೆ ಒಬ್ಬ ಮಂತ್ರಿ ಬಂದು, ಇಂಥಾ ಪುಸ್ತಕ ಯಾರೆಲ್ಲ ಓದಿದ್ದಾರೆ, ಹೆಸರು ಕೊಡಿ ಅಂತ ಕೇಳಿದ. ಇವರು ಕೊಡ್ಲಿಲ್ಲ. ಮರುದಿನ ಮೀನುಗಾರಿಕೆ ಇಲಾಖೆಗೆ ವರ್ಗ. ಸಮುದ್ರ ಇಲ್ಲದ ದೇಶದಲ್ಲಿ ಮೀನುಗಾರಿಕೆ ಇಲಾಖೆ. ಒಂದು ಕೆರೆ ಇತ್ತಂತೆ, ಪಾಪ. ಅಲ್ಲಿಂದ ರಾಜೀನಾಮೆ ಕೊಟ್ಟು ಅಬುಧಾಬಿಗೆ ಬಂದದ್ದು.

ಇನ್ನು ನನ್ನ ಕಷ್ಟ ಹೇಳ್ಬೇಕು, ಇಲ್ಲದಿದ್ರೆ ಮುಂದಿನದ್ದು ನಿನಗೆ ಅರ್ಥ ಆಗುದಿಲ್ಲ. ನಾನು ಬರುವಾಗ ನಿನ್ನ ಅಮ್ಮನಿಗೆ ಎರಡು ವರ್ಷ. ಮೂರು ವರ್ಷ ಕಳೆದು ರಜೆಯಲ್ಲಿ ಊರಿಗೆ ಹೋದ್ರೆ, ಈ ಹುಡುಗಿ ನಿನ್ನ ಅಜ್ಜಿಯ ಸೆರಗಿನ ಹಿಂದೆ ಅಡಗಿ ಕೂತದ್ದು. ನಾಲ್ಕನೇ ದಿನ ಅಡಿಗೆಕೋಣೆಯಲ್ಲಿ ನಿನ್ನ ಅಜ್ಜಿ ಹತ್ತಿರ ಕೇಳ್ತಾಳೆ, "ಅಮ್ಮಾ, ಆ ಮಾಮ ಯಾವಾಗ ಹೋಗುದು?" ನಾನು ಹೊರಗೆ ಕೂತವ ಕೇಳಿದೆ. ಮಾಮ. ನನ್ನನ್ನು. ನಗ್ತೀಯಾ? ಈಗ ನನಗೂ ನಗು ಬರ್ತದೆ. ಅವತ್ತು ಊಟ ಸೇರ್ಲಿಲ್ಲ. ಇನ್ನು ಹೆಂಡತಿ ಮಗಳನ್ನು ಕರ್ಕೊಂಡು ಬಾರದೆ ಆಗುದಿಲ್ಲ ಅಂತ ಅಲ್ಲಿಯೇ ತೀರ್ಮಾನ ಮಾಡಿದೆ. ಆದ್ರೆ ವೀಸಾದಲ್ಲಿ ಲೇಬರ್ ಅಂತ ಇದ್ರೆ ಫ್ಯಾಮಿಲಿ ಕರ್ಸ್ಲಿಕ್ಕಿಲ್ಲ, ಅರಬಿಯವರು ಹೇಳುವ ಹಾಗೆ ಮಾಫಿ, ಇಲ್ಲವೇ ಇಲ್ಲ, ಬಾಗಿಲು ಬಂದ್. ಅದನ್ನು ಟೆಕ್ನಿಶಿಯನ್ ಅಂತ ಬದಲು ಮಾಡ್ಬೇಕು, ಅದಕ್ಕೆ ಡೈರೆಕ್ಟರ್ ಒಂದು ಕಾಗದ ಕೊಡ್ಬೇಕು. ಮೇಡಂ ಕೊಡ್ತೇನೆ ಅಂದಿದ್ರು. ಅಷ್ಟರಲ್ಲಿ ಅವರ ಊರಿನಲ್ಲಿ ಸರಕಾರ ಬದಲಾಯಿತು. ಹೊಸ ಸರಕಾರದವರು, ಲೈಬ್ರರಿಗೆ ಒಳ್ಳೆ ಕಟ್ಟಡ ಕಟ್ಟಿದ್ದೇವೆ, ವಾಪಸ್ಸು ಬನ್ನಿ ಅಂತ ಬರೆದ್ರು. ಮೇಡಂ ಹೊರಟ್ರು. ಗುರುವಾರ ವಿಮಾನ. ನನ್ನ ಕಾಗದ ಟೈಪ್ ಆಗಿ ಅವರ ಮೇಜಿನ ಮೇಲೆ ಉಂಟು, ಸಹಿ ಬಾಕಿ.

ಆ ಗುರುವಾರಕ್ಕೆ ಮೊದಲಿನ ಶನಿವಾರ ಮೇಡಂ ಒಂದು ಬಟ್ಟೆಯ ಗಂಟು ತಂದು ನನ್ನ ಮೇಜಿನ ಮೇಲೆ ಇಟ್ರು. ಒಳಗೆ ನಾಲ್ಕು ತೆಳು ಪುಸ್ತಕ, ನಾಲ್ಕೂ ಒಂದೇ, ಅವರ ಭಾಷೆಯ ಅಕ್ಷರ ಕಲಿಯುವ ಪುಸ್ತಕ, ಇಂಗ್ಲಿಷ್ ಅಕ್ಷರದಲ್ಲೇ ಬರೆಯುದು ಅವರ ಭಾಷೆ. ಮೂಲೆ ಎಲ್ಲ ಹರಿದಿದೆ, ಪಿನ್ನು ತುಕ್ಕು ಹಿಡಿದಿದೆ. "ಇದು ನನ್ನ ಸ್ವಂತದ್ದು. ಇಷ್ಟು ವರ್ಷ ಸೂಟ್‌ಕೇಸಿನಲ್ಲಿ ಇತ್ತು. ನಾಲ್ಕನ್ನೂ ಸೇರಿಸಿ ಒಂದು ಗಟ್ಟಿ ಪುಸ್ತಕ ಮಾಡಿ ಕೊಡಿ, ಹೊಸ ಕಟ್ಟಡಕ್ಕೆ ನಾನು ಕೈಯಲ್ಲಿ ತಗೊಂಡು ಹೋಗುದು ಇದು ಒಂದೇ. ಹೇಗೆ ಮಾಡ್ಬೇಕು ಅಂತ ನಾನು ಹೇಳುದಿಲ್ಲ, ನಿಮ್ಮ ಕೆಲಸ ನಿಮಗೆ ಗೊತ್ತುಂಟು." ಅಷ್ಟು ಹೇಳಿ ಹೋದ್ರು, ಅವರಿಗೆ ಮೀಟಿಂಗು. ನನಗೆ ಎಷ್ಟು ಹೆಮ್ಮೆ ಅಂತೀಯಾ. ನನ್ನ ಕೈಯ ಕೆಲಸ ಒಂದು ದೇಶದ ಲೈಬ್ರರಿಗೆ ಹೋಗುದು ಅಂದ್ರೆ ಸುಮ್ಮನೆಯಾ? ಪಿನ್ನು ತೆಗೆದೆ, ಮೂಲೆ ಸರಿ ಮಾಡಿದೆ, ಜೋಡಿಸಿ ಹೊಲಿದೆ, ಆ ಹೊಲಿಗೆ ಈಗಲೂ ಕಣ್ಣಿಗೆ ಕಟ್ತದೆ. ಅಂಚು ಮಾತ್ರ ನೋಡ್ಲಿಕ್ಕಾಗುದಿಲ್ಲ, ಪುಟ ಪುಟಕ್ಕೂ ಪೆನ್ಸಿಲಿನಲ್ಲಿ ಗೀಚಿದ್ದಾರೆ, ಓರೆ ಕೋರೆ, ಕೆಲವು ತಲೆಕೆಳಗೆ. ನಾನು ಎಂತ ಗ್ರಹಿಸಿದ್ದು? ಶಾಲೆ ಪುಸ್ತಕ ಅಲ್ವಾ, ಮಕ್ಕಳು ಗೀಚಿದ್ದು. ಪುತ್ತೂರಲ್ಲಿ ಎಷ್ಟು ಸಾವಿರ ಇಂಥದ್ದು ಮಾಡಿದವ. ಆದಿತ್ಯವಾರ ಬೆಳಿಗ್ಗೆ ಮೆಷಿನ್ನಿಗೆ ಇಟ್ಟೆ, ಒಂದು ಬೆರಳು ಅಗಲ ಹಿಡಿದೆ, ಹಾಕಿದೆ. ಚಕ್ಕಂತ ಹೋಯಿತು. ಬೆರಳು ಓಡಿಸಿದೆ, ಗಾಜು.

ಮಧ್ಯಾಹ್ನ ಮೇಡಂ ಫ್ಲಾಸ್ಕು ಹಿಡ್ಕೊಂಡು ಬಂದ್ರು. ಪುಸ್ತಕ ಪ್ರೆಸ್ಸಿನ ಎರಡು ಹಲಗೆಯ ನಡುವೆ ಇತ್ತು, ಬೆನ್ನು ಮಾತ್ರ ಕಾಣುದು. ಅವರು ಬೆನ್ನು ಮುಟ್ಟಿ ನೋಡಿದ್ರು, "ಒಳ್ಳೆ ಆಗಿದೆ" ಅಂದ್ರು. ಮತ್ತೆ ಕೂತು ಹೇಳ್ಲಿಕ್ಕೆ ಸುರು ಮಾಡಿದ್ರು. "ಮಿಸ್ಟರ್ ವಾಸು, ನಿಮಗೆ ಪುಸ್ತಕದ ವ್ಯಾನಿನ ವಿಷಯ ಹೇಳಿದ್ದೇನಾ? ಹಳ್ಳಿಗೆ ವ್ಯಾನು ತಗೊಂಡು ಹೋಗ್ತಿದ್ದೆವು. ಓದ್ಲಿಕ್ಕೆ ಬಾರದ ದೊಡ್ಡವರಿಗೆ ಕಲಿಸ್ಲಿಕ್ಕೆ ಈ ನಾಲ್ಕೇ ಪುಸ್ತಕ ಇದ್ದದ್ದು, ಊರಿಂದ ಊರಿಗೆ ಅದೇ ನಾಲ್ಕು. ಒಂದು ನಿಯಮ ಮಾಡಿದ್ದೆ. ಯಾರು ಒಂದು ಪುಟವನ್ನು ಎಲ್ಲರ ಎದುರು ನಿಂತು ಗಟ್ಟಿಯಾಗಿ ಓದ್ತಾರೆ, ಅವರು ಆ ಪುಟದ ಅಂಚಿನಲ್ಲಿ ಅವರ ಹೆಸರು ಬರೀಬೇಕು. ಅವರು ಜನ್ಮದಲ್ಲಿ ಬರೆದ ಮೊದಲನೇ ಹೆಸರು ಅದು. ಆ ಮಂತ್ರಿ ಕೇಳಿದ್ದು ಇದನ್ನಲ್ಲ, ಆದ್ರೂ ನಾನು ಇದನ್ನು ಅವನ ಕಣ್ಣಿಗೆ ಬೀಳದ ಹಾಗೆ ತಂದೆ. ಮೂರನೇ ಪ್ರತಿಯಲ್ಲಿ ಆಡಿನ ಪುಟ ಉಂಟು, ಅದರ ಅಂಚಿನಲ್ಲಿ ನನ್ನ ಅಮ್ಮ. ಅರುವತ್ತು ದಾಟಿತ್ತು ಅವರಿಗೆ." ಅವರು ಹೇಳ್ತಾ ಇದ್ದಾರೆ, ನನ್ನ ಕೈ ಸೂಜಿ ಹಿಡಿದಲ್ಲಿಯೇ ನಿಂತಿತು. ಹೇಳ್ಬೇಕಿತ್ತು, ಆಗಲೇ ಹೇಳ್ಬೇಕಿತ್ತು. ನಾನು ಹೇಳಿದ್ದು ಎಂತ? "ಚಹಾ ಒಳ್ಳೆ ಉಂಟು ಮೇಡಂ." ಥೂ, ಈಗ ನೆನೆಸಿದ್ರೂ ನಾಚಿಕೆ ಆಗ್ತದೆ.

ಅವರು ಹೋದ ಕೂಡ್ಲೆ ನಾನು ಮೇಜಿನ ಕೆಳಗೆ ಕೈ ಹಾಕಿದೆ. ಅಲ್ಲಿ ಇತ್ತು. ಕತ್ತರಿಸಿದ ಅಂಚಿನ ಕಟ್ಟು, ನೂಲು ಸುತ್ತಿ ಇಟ್ಟದ್ದು. ಯಾಕೆ ಇತ್ತು ಅಂದ್ರೆ, ನನ್ನ ಅಪ್ಪನದ್ದು ಒಂದು ಕ್ರಮ ಇತ್ತು. ಕತ್ತರಿಸಿದ್ದು ಮೆಷಿನ್ನಿನಿಂದ ಹೇಗೆ ಬೀಳ್ತದೋ ಹಾಗೆಯೇ ಎತ್ತಿ, ಮೇಲೆ ಕೆಳಗೆ ಮಾಡದೆ, ನೂಲು ಕಟ್ಟಿ ಇಡ್ಬೇಕು. ಪುಸ್ತಕದ ಯಜಮಾನ ಬಂದು, ಪುಸ್ತಕ ನೋಡಿ, ಸರಿ ಅಂತ ತಗೊಂಡು ಹೋದ ಮೇಲೆಯೇ ಎಸೆಯುದು. ನಾನು ಸಣ್ಣವ ಇರುವಾಗ ಈ ಕಸ ಯಾಕೆ ಕಟ್ಟಿ ಇಡುದು ಅಪ್ಪ ಅಂತ ಕೇಳಿ ಪೆಟ್ಟು ತಿಂದಿದ್ದೆ. ಹಾಗಾಗಿ ಕೈ ಅದರಷ್ಟಕ್ಕೇ ಕಟ್ಟಿತ್ತು. ನೂರಿಪ್ಪತ್ತು ಹಾಳೆಯ ಅಂಚು, ಬಿದ್ದ ಕ್ರಮದಲ್ಲಿ. ಒಂದು ಚೂರು ತೆಗೆದು ನೋಡಿದೆ, ಅರ್ಧ ಹೆಸರು ಇದರಲ್ಲಿ ಉಂಟು, ಅರ್ಧ ಪುಸ್ತಕದಲ್ಲಿ ಉಳಿದಿದೆ.

ಸಮೀರನ ಹತ್ತಿರ ಹೋಗಿ ಹೇಳಿದೆ. ಅವ ಮೀಸೆ ಎಳ್ಕೊಂಡು ಯೋಚನೆ ಮಾಡಿದ. ಅವ ಕೆಟ್ಟವ ಅಲ್ಲ, ನನ್ನ ಮನೆಯ ಕಥೆ ಎಲ್ಲ ಅವನಿಗೆ ಗೊತ್ತುಂಟು, ಮಗಳು ಮಾಮ ಅಂದದ್ದೂ ಗೊತ್ತುಂಟು. ಅವನಿಗೂ ಅಲೆಕ್ಸಾಂಡ್ರಿಯಾದಲ್ಲಿ ಮಕ್ಕಳು. "ಯಾ ವಾಸು, ಕೇಳು. ನಾಳೆ ಬೆಳಿಗ್ಗೆ ಮೇಡಂ ನಿನ್ನ ಕಾಗದಕ್ಕೆ ಸಹಿ ಹಾಕ್ತಾರೆ. ಮೊದಲು ಸಹಿ ಆಗ್ಲಿ. ಕಾಗದ ನಿನ್ನ ಕೈಗೆ ಬಂದ ಮೇಲೆ ಹೇಳು. ಸುಳ್ಳು ಹೇಳು ಅಂತ ನಾನು ಹೇಳುದಿಲ್ಲ, ಒಂದು ಗಂಟೆ ತಡ ಮಾಡಿ ಹೇಳು. ಖಲಾಸ್." ಅಂದ. ನನಗೆ ಅದು ಸರಿ ಅಂತಲೇ ಕಂಡಿತು. ಒಂದು ಗಂಟೆಯಲ್ಲಿ ಎಂತ ಹೋಗ್ತದೆ ಹೇಳು? ತಪ್ಪು ಅಷ್ಟೇ ಇರ್ತದೆ, ಪುಸ್ತಕ ಅಷ್ಟೇ ಇರ್ತದೆ, ನನ್ನ ಹೆಂಡತಿ ಮಗಳು ಮಾತ್ರ ಇಲ್ಲಿಗೆ ಬರ್ತಾರೆ. ಬಸ್ಸಿನಲ್ಲಿ ರೂಮಿಗೆ ಹೋಗುವಾಗಲೂ ಅದನ್ನೇ ಗ್ರಹಿಸಿದ್ದು, ಮರುದಿನ ಬಸ್ಸಿನಲ್ಲಿ ಬರುವಾಗಲೂ ಅದನ್ನೇ.

ಸೋಮವಾರ ಬೆಳಿಗ್ಗೆ ಮೇಡಂ ಕರೆದ್ರು. ನಾನು ಆ ಕಟ್ಟನ್ನು ಅಂಗಿಯ ಕಿಸೆಯಲ್ಲಿ ಹಾಕ್ಕೊಂಡು ಹೋದೆ. ಸಹಿ ಆದ ಮೇಲೆ ತೆಗೆಯುದು ಅಂತಲೇ ಹಾಕ್ಕೊಂಡದ್ದು, ನಾನು ಮಹಾ ಸತ್ಯವಂತ ಅಂತ ನೀವು ತಿಳ್ಕೊಳ್ಬೇಡಿ. ಅವರು ಕನ್ನಡಕ ಹಾಕಿ ಕಾಗದ ಇನ್ನೊಮ್ಮೆ ಓದ್ತಾ ಇದ್ರು, ಪೆನ್ನಿನ ಮುಚ್ಚಳ ತೆಗೆದ್ರು. ಓದ್ತಾ ಓದ್ತಾ ಗಟ್ಟಿಯಾಗಿ ಓದಿದ್ರು, "ಈ ಮನುಷ್ಯನ ಕೈಗೆ ಯಾವ ಪುಸ್ತಕವನ್ನೂ ಭಯ ಇಲ್ಲದೆ ಕೊಡಬಹುದು." ಅದು ಆ ಕಾಗದದಲ್ಲಿ ಬರೆದದ್ದು. ಅದನ್ನು ಕೇಳಿದ ಮೇಲೆ ನನಗೆ ಆಗ್ಲಿಲ್ಲ ದಿಶಾ. ಬೇರೆ ಎಂತ ಬರೆದಿದ್ರೂ ಸುಮ್ಮನೆ ಕೂರ್ತಿದ್ದೆನೋ ಏನೋ. "ಮೇಡಂ, ಒಂದು ನಿಮಿಷ. ಸಹಿ ಆಮೇಲೆ ಹಾಕಿ" ಅಂದೆ, ಕಟ್ಟು ತೆಗೆದು ಅವರ ಮುಂದೆ ಇಟ್ಟೆ. ಅವರು ನೋಡಿದ್ರು. ಇದು ಎಂತ ಅಂತ ಕೇಳ್ಲಿಲ್ಲ, ಅಷ್ಟು ವರ್ಷ ಪುಸ್ತಕದ ಜೊತೆ ಇದ್ದವರಿಗೆ ಗೊತ್ತಾಗುದಿಲ್ವಾ. ಪೆನ್ನಿನ ಮುಚ್ಚಳ ಹಾಕಿದ್ರು. ಕಾಗದ ಡ್ರಾಯರಿನೊಳಗೆ ಹೋಯಿತು. ನನಗೆ ಬೈದಿದ್ರೆ ಒಳ್ಳೆದಿತ್ತು.

ಮತ್ತೆ ಕೇಳಿದ್ರು, "ಇದನ್ನು ಯಾಕೆ ಎಸೆಯದೆ ಇಟ್ಟಿರಿ?" ಅಪ್ಪನ ಕ್ರಮ ಹೇಳಿದೆ. "ಪೆಟ್ಟು ಕೊಟ್ಟಿದ್ರಾ?" ಕೊಟ್ಟಿದ್ರು ಮೇಡಂ. "ಒಳ್ಳೆದು ಮಾಡಿದ್ರು" ಅಂದ್ರು, ಮುಖದಲ್ಲಿ ನಗು ಇಲ್ಲ. "ಗುರುವಾರ ವಿಮಾನ. ಇವತ್ತು ಸೋಮವಾರ. ಆಗ್ತದಾ?" ಆಗ್ತದೆ ಅಂದೆ. ಹೇಗೆ ಆಗ್ತದೆ ಅಂತ ನನಗೇ ಗೊತ್ತಿರ್ಲಿಲ್ಲ, ಆದ್ರೂ ಆಗ್ತದೆ ಅಂದೆ. ಅವರು ಬಿಳಿ ಹಾಳೆ ಹಿಡ್ಕೊಂಡು ಕಾನೂನು ಉಂಟು ಅಂತ ಹೇಳಿದ ಹಾಗೆ.

ಹೊಲಿಗೆ ಬಿಚ್ಚಿದೆ. ನನ್ನ ಆ ಚಂದದ ಹೊಲಿಗೆ, ಪೂರ್ತಿ ಬಿಚ್ಚಿದೆ. ಒಂದೊಂದು ಹಾಳೆ ಮೇಜಿನ ಮೇಲೆ ಇಟ್ಟು, ಅದರ ಅಂಚು ಅದಕ್ಕೆ ಕೂಡಿಸಿ, ಹಿಂದಿನಿಂದ ಈರುಳ್ಳಿ ಸಿಪ್ಪೆಯ ಹಾಗಿನ ತೆಳು ಕಾಗದ ಅಂಟಿಸುದು. ಮೈದಾ, ನೀರು, ಬೇರೆ ಎಂತದ್ದೂ ಇಲ್ಲ. ಅಂಟು ಜಾಸ್ತಿ ಆದ್ರೆ ಹಾಳೆ ಸುರುಟಿಕೊಳ್ತದೆ, ಕಮ್ಮಿ ಆದ್ರೆ ಬಿಟ್ಕೊಳ್ತದೆ. ಮಧ್ಯಾಹ್ನ ಬಾಗಿಲಲ್ಲಿ ಮೇಡಂ. ಉಡುಪಿನ ತೋಳು ಮಡಚಿ ನನ್ನ ಎದುರು ಕೂತ್ರು, ಚೂರು ತೆಗೆದು ಕೊಡುದು ಅವರು, ಅಂಟಿಸುದು ನಾನು. ಒಂದೊಂದು ಹೆಸರು ಕೂಡಿದ ಕೂಡ್ಲೆ ಅವರು ಗಟ್ಟಿಯಾಗಿ ಓದುದು, ಯಾರು ಅಂತ ಹೇಳುದು. ಇವ ಮರ ಕಡಿಯುವವ. ಇವಳು ಹೆಸರು ಬರೆದು ಕೂತಲ್ಲೇ ನಿದ್ದೆ ಹೋದವಳು. ಇವ ಎರಡು ಸಲ ಬರೆದಿದ್ದಾನೆ, ಕಳ್ಳ. ಸಮೀರನೂ ಬಂದ, ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದ, ಎರಡನೇ ದಿನ "ಯಲ್ಲಾ, ಸುರು ಮಾಡುವ" ಅಂತ ಹೇಳಿ ತೆಳು ಕಾಗದ ಕತ್ತರಿಸ್ಲಿಕ್ಕೆ ಕೂತ.

ಆಡಿನ ಪುಟ ಬಂದದ್ದು ಮಂಗಳವಾರ. ಕೂಡಿಸಿದೆ. ಪುಟದಲ್ಲಿ ಮೂರು ಅಕ್ಷರ, ಚೂರಿನಲ್ಲಿ ಎರಡು. ಕೂಡಿದ ಮೇಲೆ ನಡುವೆ ಒಂದು ಗೆರೆ ಕಾಣ್ತದೆ, ಎಷ್ಟು ನಯ ಮಾಡಿದ್ರೂ ಕಾಣ್ತದೆ. ಕ್ಷಮಿಸಿ ಮೇಡಂ, ಗೆರೆ ಹೋಗುದಿಲ್ಲ ಅಂದೆ. ಅವರು ಅದರ ಮೇಲೆ ಕೈ ಇಟ್ರು. ಮತ್ತೆ ಹೇಳಿದ್ರು, "ಡೈರೆಕ್ಟರ್ ಆದ ಮೊದಲ ವರ್ಷ ನಾನು ಎಂತ ಮಾಡಿದೆ ಗೊತ್ತುಂಟಾ ಮಿಸ್ಟರ್ ವಾಸು? ಆ ಕ್ಲಬ್ಬಿನ ಹಳೆ ಕಾಗದ ಎಲ್ಲ ನಮಗೆ ಬಂತು. ಬಿಳಿಯರ ಕಸ ಇದು, ನಮ್ಮ ಲೈಬ್ರರಿಗೆ ಬೇಡ, ಶುದ್ಧ ಆಗ್ಲಿ ಅಂತ ಹಿತ್ತಿಲಲ್ಲಿ ಹಾಕಿ ಸುಟ್ಟೆ. ನಾನೇ ನಿಂತು ಸುಡಿಸಿದೆ. ಅದರೊಳಗೆ ಕೆಲಸದವರ ಹಾಜರಿ ಪುಸ್ತಕ ಇತ್ತು, ಇಪ್ಪತ್ತಾರು ವರ್ಷ ನನ್ನ ಅಮ್ಮ ಹೆಬ್ಬೆಟ್ಟು ಹಾಕಿದ್ದು. ಅದು ನನಗೆ ಗೊತ್ತಾಗುವಾಗ ಬೂದಿಯೂ ತಣ್ಣಗಾಗಿತ್ತು. ನನ್ನ ಅಮ್ಮ ಈ ಲೋಕದಲ್ಲಿ ಇದ್ರು ಅಂತ ಹೇಳ್ಲಿಕ್ಕೆ ಈಗ ಇರುದು ಈ ಐದು ಅಕ್ಷರ. ನೀವು ಕತ್ತರಿಸಿದ್ದನ್ನು ಇಟ್ಕೊಂಡಿದ್ರಿ. ನಾನು ಇಟ್ಕೊಂಡಿರ್ಲಿಲ್ಲ. ಗೆರೆ ಕಾಣ್ಲಿ, ಬಿಡಿ." ನನ್ನ ಕಣ್ಣಲ್ಲಿ ನೀರು ಬಂತು, ಹಾಳೆಯ ಮೇಲೆ ಬೀಳ್ತದೆ ಅಂತ ಎದ್ದು ಆಚೆ ಹೋದೆ.

ಬುಧವಾರ ಸಂಜೆ ಮಸೀದಿಯಲ್ಲಿ ಆಸರ್ ಬಾಂಗ್ ಆಗುವ ಹೊತ್ತಿಗೆ ಕೊನೆಯ ಹಾಳೆ ಕೂಡಿತು. ಇನ್ನು ಹೊಲಿಯುದು, ರಟ್ಟು ಹಾಕುದು. ಅಂಚು ಕತ್ತರಿಸುದಿಲ್ಲ, ಏರು ತಗ್ಗು ಇದ್ದ ಹಾಗೆಯೇ ಇರ್ಲಿ. ಹೊಲಿಯುವ ಮೊದಲು ಮೇಡಂ ನಾಲ್ಕನೇ ಪ್ರತಿಯ ಆಡಿನ ಪುಟ ತೆಗೆದು ನನ್ನ ಮುಂದೆ ಇಟ್ರು. ಅದರ ಅಂಚಿನಲ್ಲಿ ಸ್ವಲ್ಪ ಜಾಗ ಖಾಲಿ ಇತ್ತು. "ಓದಿ" ಅಂದ್ರು. ನನಗೆ ನಿಮ್ಮ ಭಾಷೆ ಬರುದಿಲ್ಲ ಮೇಡಂ. "ಅವರಿಗೂ ಬರ್ತಿರ್ಲಿಲ್ಲ ಓದ್ಲಿಕ್ಕೆ. ಎದ್ದು ನಿಂತು ಓದಿ, ನಿಯಮ ಅಂದ್ರೆ ನಿಯಮ." ನಾನು ಎದ್ದು ನಿಂತೆ. ಮಿಡ್ಲ್ ಸ್ಕೂಲ್ ಬಿಟ್ಟ ಮೇಲೆ ಎದ್ದು ನಿಂತು ಓದಿದ್ದು ಅವತ್ತೇ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ, ಮೇಡಂ ಎರಡು ಕಡೆ ತಿದ್ದಿದ್ರು. ಎಂತ ಇತ್ತು ಅಂದ್ರೆ, ಆಡು ಬಂತು, ಆಡು ನಮ್ಮ ಸೊಪ್ಪು ತಿಂದಿತು, ನಾವು ಆಡನ್ನು ಓಡಿಸಿದೆವು. ಅಷ್ಟೇ. ಸಮೀರ್ ಚಪ್ಪಾಳೆ ತಟ್ಟಿದ. ಮೇಡಂ ಪೆನ್ಸಿಲು ಕೊಟ್ರು. ನಾನು ಅಂಚಿನಲ್ಲಿ ಕನ್ನಡದಲ್ಲಿ ಬರೆದೆ, ವಾಸು, ಪುತ್ತೂರು. ಆ ದೇಶದ ಲೈಬ್ರರಿಯಲ್ಲಿ ಈಗಲೂ ಉಂಟು ಅದು, ಯಾರಿಗೂ ಓದ್ಲಿಕ್ಕೆ ಬರುದಿಲ್ಲ, ಆದ್ರೆ ಉಂಟು. ಮತ್ತೆ ಅವರು ನನ್ನ ವೀಸಾದ ಕಾಗದ ತಂದ್ರು. ಡ್ರಾಯರಿನೊಳಗೆ ಹೋದ ಆ ಹಳೆಯದ್ದಲ್ಲ, ಬೇರೆ ಟೈಪ್ ಮಾಡಿದ್ದು. ಯಾವ ಪುಸ್ತಕವನ್ನೂ ಭಯ ಇಲ್ಲದೆ ಕೊಡಬಹುದು ಅಂತ ಇದ್ದಲ್ಲಿ ಈಗ, "ಈ ಮನುಷ್ಯ ತಪ್ಪು ಮಾಡಿದರೆ ತಾನೇ ಬಂದು ಹೇಳುತ್ತಾನೆ" ಅಂತ ಇತ್ತು. ಕೆಳಗೆ ಸಹಿ. ಆ ಕಾಗದ ನೋಡಿ ವೀಸಾ ಆಫೀಸಿನವ ತಲೆ ಕೆರೆದುಕೊಂಡ, ಆದ್ರೂ ಸ್ಟ್ಯಾಂಪ್ ಹಾಕಿದ. ಆರು ತಿಂಗಳಲ್ಲಿ ನಿನ್ನ ಅಜ್ಜಿ, ನಿನ್ನ ಅಮ್ಮ ಏರ್‌ಪೋರ್ಟಿನಲ್ಲಿ. ಒಂದು ವಾರ ಮಾಮ ಅಂತಲೇ ಕರೆದ್ಲು, ಮತ್ತೆ ಸರಿ ಆಯಿತು.

ಈ ಫೋಟೋ ಗುರುವಾರ ಬೆಳಿಗ್ಗೆ ತೆಗೆದದ್ದು, ಲೈಬ್ರರಿಯ ಮೆಟ್ಟಿಲಿನಲ್ಲಿ, ಟ್ಯಾಕ್ಸಿ ಕಾಯ್ತಾ ಇತ್ತು. ಅವರ ಕಂಕುಳಲ್ಲಿ ಒಂದು ಗಂಟು ಕಾಣ್ತದಾ? ಅದೇ ಪುಸ್ತಕ. ಮತ್ತೆ ಒಂದೇ ಒಂದು ಸಲ ಕಾಗದ ಬರೆದಿದ್ರು. ಸುಖ ದುಃಖ ಎಂತದ್ದೂ ಇಲ್ಲ ಅದರಲ್ಲಿ, ಅಂಟಿಗೆ ಮೈದಾ ಎಷ್ಟು, ನೀರು ಎಷ್ಟು ಅಂತ ಕೇಳಿ ಬರೆದದ್ದು, ಅಲ್ಲಿಯ ಹುಡುಗಿಯರಿಗೆ ಬೈಂಡಿಂಗ್ ಕಲಿಸ್ತಾ ಇದ್ದಾರಂತೆ. ಆ ಹಾಳೆಯ ಅಂಚಿನಲ್ಲಿ ಸಣ್ಣದಾಗಿ, ವಿಷ ಬೇಡ ಅಂತ.

ಹಾಗಾಗಿ ಕೇಳು, ನಿನಗೆ ಅಜ್ಜನ ಮುಖ ಬೇಕಾದ್ರೆ ಈ ಫೋಟೋವನ್ನು ಇಡೀ ಅಂಟಿಸು, ಚಾರ್ಟಿನಲ್ಲಿ ಜಾಗ ಸಾಲದಿದ್ರೆ ಬೇರೆ ಚಾರ್ಟು ತರುವ. ಬದಿಯಲ್ಲಿ ನಿಂತವರು ಯಾರು ಅಂತ ಕೇಳಿ ತಿಳ್ಕೊಂಡ ಮೇಲೆ ಕತ್ತರಿ ತೆಗೀಬೇಕು. ಇನ್ನು ಆ ಮೈದಾ ಡಬ್ಬ ಎಲ್ಲಿ ಉಂಟು ಅಂತ ನಿನ್ನ ಅಮ್ಮನ ಹತ್ತಿರ ಕೇಳು, ಗಮ್ ಬೇಡ, ನಾನು ಅಂಟು ಮಾಡಿ ಕೊಡ್ತೇನೆ.